ಏರುವ ಅಂಕಿ, ಬೆಳಗುವ ಎಲುಬು: ಪ್ರಾಸ್ಟೇಟ್ ಅರ್ಬುದ ಮರುಕಳಿಸಿದಾಗ

ಕಳೆದ ವರ್ಷ ನಮ್ಮ ಸಂಘದ ರಾಜ್ಯೋತ್ಸವ ಸಮಾರಂಭ ಮುಗಿದು, ಸಭಾಂಗಣದ ಕುರ್ಚಿಗಳನ್ನು ಹುಡುಗರು ಒಂದರ ಮೇಲೊಂದು ಪೇರಿಸುತ್ತಿದ್ದ ಹೊತ್ತಿಗೆ, ಹಿರಿಯ ಸದಸ್ಯರೊಬ್ಬರು ನನ್ನನ್ನು ಬಾಗಿಲ ಬದಿಗೆ ಕರೆದು ದೊಡ್ಡದೊಂದು ಲಕೋಟೆಯನ್ನು ಕೈಗಿತ್ತರು. ಬ್ಯಾಂಕಿನ ಸೇವೆಯಿಂದ ನಿವೃತ್ತರಾಗಿ ಡೊಂಬಿವಲಿಯಲ್ಲಿ ನೆಲೆಸಿದವರು. ಆರು ವರ್ಷಗಳ ಹಿಂದೆ ಅರ್ಬುದದ ಕಾರಣದಿಂದ ಅವರ ಪ್ರಾಸ್ಟೇಟ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆಯಲಾಗಿತ್ತು. ಲಕೋಟೆಯೊಳಗೆ ಒಂದು ಕಪ್ಪು-ಬಿಳುಪಿನ ಚಿತ್ರ: ಮನುಷ್ಯನ ಅಸ್ಥಿಪಂಜರ, ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ. ಎಡಗಡೆಯ ಏಳನೆಯ ಪಕ್ಕೆಲುಬಿನ ಮೇಲೆ ಶಾಯಿಯ ಹನಿ ಬಿದ್ದಂತೆ ಒಂದು ಕಪ್ಪು ಚುಕ್ಕೆ.

"ಡಾಕ್ಟರೇ, ಗ್ರಂಥಿಯನ್ನೇ ತೆಗೆದು ಹಾಕಿದ ಮೇಲೆ ಎಲುಬಿಗೆ ಹೋಗಲು ಅಲ್ಲಿ ಉಳಿದದ್ದಾದರೂ ಏನು? ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮೊದಲು ನೀವು ನೋಡಿ ಹೇಳಿ" ಎಂದರು.

ಬಾಗಿಲಲ್ಲಿ ನಿಂತು ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಈ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗಕ್ಕೆ ಸಂಪಾದಕರು ಲೇಖನ ಕೇಳಿದಾಗ, ಅದನ್ನೇ ಪೂರ್ತಿ ಮಾಡೋಣವೆನ್ನಿಸಿತು. ನಾನು ಅರ್ಬುದ ತಜ್ಞನಲ್ಲ, ಸಾಮಾನ್ಯ ವೈದ್ಯ. ಆದರೆ ಇಂತಹ ಲಕೋಟೆಗಳು ತಜ್ಞರ ಮೇಜನ್ನು ಸೇರುವ ಮೊದಲು ಬಹಳಷ್ಟು ಸಲ ನಮ್ಮಂಥವರ ಕೈ ಸೇರುತ್ತವೆ. ನಮ್ಮ ಸದಸ್ಯರಲ್ಲಿ ಅರುವತ್ತು ದಾಟಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವಾಗ ಈ ವಿಷಯ ಅಪ್ರಸ್ತುತವಾಗಲಾರದು.

ಮೊದಲು ಅಂಕಿಯ ಮಾತು. ಪ್ರಾಸ್ಟೇಟ್ ಗ್ರಂಥಿಯ ಜೀವಕೋಶಗಳು ಸ್ರವಿಸುವ ಪ್ರೋಟೀನೊಂದನ್ನು ಪಿ.ಎಸ್.ಎ. ಎಂದು ಕರೆಯುತ್ತಾರೆ. ಗ್ರಂಥಿಯನ್ನು ಪೂರ್ಣವಾಗಿ ತೆಗೆದ ಮೇಲೆ ರಕ್ತದಲ್ಲಿ ಅದು ಇಲ್ಲವೆನ್ನುವಷ್ಟು ಇಳಿಯಬೇಕು. ಹಾಗೆ ಇಳಿದದ್ದು ಮತ್ತೆ ಏರಿ, ಒಂದು ಮಿಲಿಲೀಟರ್ ರಕ್ತದಲ್ಲಿ 0.2 ನ್ಯಾನೊಗ್ರಾಂ ಮುಟ್ಟಿ, ಎರಡನೆಯ ಪರೀಕ್ಷೆಯಲ್ಲಿಯೂ ಹಾಗೆಯೇ ಕಂಡುಬಂದರೆ ರೋಗ ಮರುಕಳಿಸಿದೆ ಎಂದು ಗಣಿಸುವುದು ವಾಡಿಕೆ. ಶಸ್ತ್ರಚಿಕಿತ್ಸೆಯ ಬದಲು ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಗ್ರಂಥಿ ಒಳಗೇ ಇರುವುದರಿಂದ ಲೆಕ್ಕ ಬೇರೆ: ಚಿಕಿತ್ಸೆಯ ನಂತರ ಇಳಿದ ಅತಿ ಕೆಳಗಿನ ಅಂಕಿಗಿಂತ 2 ಹೆಚ್ಚಾದರೆ ಮರುಕಳಿಕೆ. ನಮ್ಮ ಹಿರಿಯರ ಅಂಕಿ ವರ್ಷಗಟ್ಟಲೆ 0.04ರಲ್ಲಿ ನಿಂತಿದ್ದು, ಆಮೇಲೆ 0.12, 0.21, 0.34 ಎಂದು ಮೆಟ್ಟಿಲು ಹತ್ತಿತ್ತು. ಕಣ್ಣಿಗೆ ಕಾಣದಷ್ಟು ಜೀವಕೋಶಗಳು ಶಸ್ತ್ರಕ್ಕೆ ಸಿಗದೆ ಎಲ್ಲಿಯೋ ಉಳಿದಿದ್ದವು ಎಂದು ಇದರ ಅರ್ಥ. ಎಲ್ಲಿ ಎಂಬುದೇ ಪ್ರಶ್ನೆ. ಗ್ರಂಥಿ ಇದ್ದ ಜಾಗದಲ್ಲಿಯೇ? ನೆರೆಯ ದುಗ್ಧಗ್ರಂಥಿಗಳಲ್ಲಿಯೇ? ಎಲುಬಿನಲ್ಲಿಯೇ?

ಗಾಬರಿ ಬೀಳುವ ಮುನ್ನ ತಿಳಿದಿರಬೇಕಾದ ಒಂದು ಸಂಗತಿಯುಂಟು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವೈದ್ಯರು ಶಸ್ತ್ರಚಿಕಿತ್ಸೆಯಾದ 1,997 ಪುರುಷರನ್ನು ದೀರ್ಘಕಾಲ ಗಮನಿಸಿ 1999ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ ಹದಿನೈದು ಮಂದಿಯ ಪಿ.ಎಸ್.ಎ. ಮತ್ತೆ ಏರಿತು. ಹಾಗೆ ಏರಿದವರಲ್ಲಿಯೂ ಮೂರನೆಯ ಒಂದು ಪಾಲಿನಷ್ಟು ಮಂದಿಯಲ್ಲಿ ಮಾತ್ರ ದೂರದ ಅಂಗಗಳಿಗೆ ರೋಗ ಹರಡಿದ್ದು ಗಮನದ ಅವಧಿಯಲ್ಲಿ ಕಂಡುಬಂತು. ಅಂಕಿ ಏರಿದ ದಿನದಿಂದ ಹರಡುವಿಕೆ ಕಾಣುವವರೆಗಿನ ಅವಧಿಯ ಮಧ್ಯಮಾನ ಎಂಟು ವರ್ಷ. ಇದು ಎಲ್ಲರಿಗೂ ಅನ್ವಯಿಸುವ ಅಭಯಪತ್ರವಲ್ಲ. ಒಂಬತ್ತು ಹತ್ತು ತಿಂಗಳೊಳಗೆ ಅಂಕಿ ಇಮ್ಮಡಿಯಾಗುತ್ತಿದ್ದರೆ ರೋಗ ಉಗ್ರವೆಂದೇ ತಿಳಿಯಬೇಕು. ಆದ್ದರಿಂದ ಅಂಕಿಗಿಂತ ಅದು ಏರುವ ವೇಗವನ್ನು ನೋಡಬೇಕು. ಅದಕ್ಕಾಗಿ ಹಳೆಯ ವರದಿಗಳನ್ನು ದಿನಾಂಕ ಸಹಿತ ಜೋಪಾನವಾಗಿಡಬೇಕು. ನಮ್ಮವರು ಮನೆ ಬದಲಿಸುವಾಗ ಮೊದಲು ಕಳೆಯುವುದು ಇವನ್ನೇ!

ಎಲುಬೇ ಏಕೆ?

ಈ ರೋಗಕ್ಕೆ ಎಲುಬಿನ ಮೇಲೆ, ಅದರಲ್ಲಿಯೂ ಬೆನ್ನೆಲುಬು, ಸೊಂಟ ಹಾಗೂ ಪಕ್ಕೆಲುಬುಗಳ ಮೇಲೆ ವಿಶೇಷ ಮೋಹ. ಕಾರಣವನ್ನು ಎರಡು ಬಗೆಯಾಗಿ ಹೇಳುತ್ತಾರೆ. 1889ರಲ್ಲಿ ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯ, ಬೀಜ ಎಲ್ಲೆಡೆ ಚೆಲ್ಲಿದರೂ ಹೊಂದುವ ಮಣ್ಣಿನಲ್ಲಿ ಮಾತ್ರ ಮೊಳೆಯುವಂತೆ ಅರ್ಬುದವೂ ತನಗೊಗ್ಗುವ ಅಂಗದಲ್ಲಿ ಬೇರೂರುತ್ತದೆ ಎಂದು ವಾದಿಸಿದ. 1940ರಲ್ಲಿ ಅಮೆರಿಕದ ಆಸ್ಕರ್ ಬ್ಯಾಟ್ಸನ್, ಕಿಬ್ಬೊಟ್ಟೆಯ ಅಭಿಧಮನಿಗಳಿಂದ ಬೆನ್ನೆಲುಬಿನ ಸುತ್ತಲಿನ ಅಭಿಧಮನಿಗಳ ಜಾಲಕ್ಕೆ ನೇರವಾದ ಹಾದಿಯಿದೆಯೆಂದು ತೋರಿಸಿದ. ಈ ಜಾಲದಲ್ಲಿ ಕವಾಟಗಳಿಲ್ಲ. ಕೆಮ್ಮಿದಾಗ, ಮುಕ್ಕಿದಾಗ ರಕ್ತ ಹಿಮ್ಮುಖವಾಗಿ ಹರಿಯಬಲ್ಲದು. ಬೀಜಕ್ಕೆ ದಾರಿಯೂ ಉಂಟು, ಮಣ್ಣೂ ಹದವಾಗಿದೆ ಎಂದಾಯಿತು.

ಅಲ್ಲಿ ಸೇರಿದ ಅರ್ಬುದ ಮಾಡುವ ಕೆಲಸವೂ ವಿಚಿತ್ರವೇ. ಬೇರೆ ಹಲವು ಅರ್ಬುದಗಳು ಎಲುಬನ್ನು ಗೆದ್ದಲಿನಂತೆ ತಿಂದು ಟೊಳ್ಳು ಮಾಡಿದರೆ, ಪ್ರಾಸ್ಟೇಟ್ ಅರ್ಬುದ ಬಹುಮಟ್ಟಿಗೆ ಹೊಸ ಎಲುಬನ್ನು ಕಟ್ಟಿಸುತ್ತದೆ. ಕಟ್ಟಡವೇನೋ ದಪ್ಪವಾಗಿರುತ್ತದೆ, ಆದರೆ ಇಟ್ಟಿಗೆಗಳ ಜೋಡಣೆ ಅಡ್ಡಾದಿಡ್ಡಿ, ಭಾರ ತಾಳದು. ಸಾಧಾರಣ ಕ್ಷ-ಕಿರಣ ಚಿತ್ರದಲ್ಲಿ ಇದು ತಡವಾಗಿ ಕಾಣುತ್ತದೆ. ಎಲುಬಿನ ಖನಿಜಾಂಶದಲ್ಲಿ ನೂರಕ್ಕೆ ಮೂವತ್ತರಿಂದ ಐವತ್ತರಷ್ಟು ವ್ಯತ್ಯಾಸವಾಗುವವರೆಗೆ ಕ್ಷ-ಕಿರಣದ ಕಣ್ಣಿಗೆ ಏನೂ ಬೀಳದು.

ದೀಪ ಹಚ್ಚಿದ ಮನೆ

ನಮ್ಮ ಹಿರಿಯರು ತಂದಿದ್ದ ಚಿತ್ರಕ್ಕೆ ಬೋನ್ ಸ್ಕ್ಯಾನ್ ಎಂಬ ಹೆಸರು ರೂಢಿಯಲ್ಲಿದೆ. ಅದರ ಹಿಂದಿನ ಕಥೆ ರೋಚಕವಾದುದು. 1937ರಲ್ಲಿ ಇಟಲಿಯ ಪಲೆರ್ಮೊ ನಗರದಲ್ಲಿ ಎಮಿಲಿಯೋ ಸೆಗ್ರೆ ಮತ್ತು ಕಾರ್ಲೋ ಪೆರಿಯೆ ಎಂಬ ವಿಜ್ಞಾನಿಗಳು, ಅಮೆರಿಕದ ಬರ್ಕ್ಲಿಯ ಸೈಕ್ಲೋಟ್ರಾನ್ ಯಂತ್ರದಿಂದ ಬಿಚ್ಚಿ ಕಳುಹಿಸಿದ್ದ ಮಾಲಿಬ್ಡಿನಂ ತಗಡಿನ ತುಣುಕಿನಲ್ಲಿ ಹೊಸದೊಂದು ಮೂಲವಸ್ತುವನ್ನು ಕಂಡುಹಿಡಿದರು. ಮಾನವ ಕೃತಕವಾಗಿ ಸೃಷ್ಟಿಸಿದ ಮೊದಲ ಮೂಲವಸ್ತು ಅದು. ಆದ್ದರಿಂದಲೇ ಅದಕ್ಕೆ ಟೆಕ್ನೀಶಿಯಂ ಎಂಬ ಹೆಸರು. ಅದರ ಒಂದು ಬಗೆಯ ಅರ್ಧಾಯು ಕೇವಲ ಆರು ಗಂಟೆ. ಅಂದರೆ ಬೆಳಿಗ್ಗೆ ಚುಚ್ಚಿದ ಔಷಧದ ವಿಕಿರಣ ಮರುದಿನ ಬೆಳಿಗ್ಗೆಗೆ ಹದಿನಾರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ; ಮೂತ್ರದಲ್ಲಿ ಹೊರಹೋಗುವುದು ಬೇರೆ. 1971ರಲ್ಲಿ ಅಮೆರಿಕದ ಸಿರಕ್ಯೂಸಿನಲ್ಲಿದ್ದ ಭಾರತ ಮೂಲದ ಗೋಪಾಲ್ ಸುಬ್ರಹ್ಮಣ್ಯನ್ ಮತ್ತು ಅವರ ಸಹೋದ್ಯೋಗಿ ಜಾನ್ ಮೆಕಾಫಿ ಈ ಟೆಕ್ನೀಶಿಯಮ್ಮನ್ನು ಫಾಸ್ಫೇಟ್ ಸಂಯುಕ್ತಕ್ಕೆ ಕಟ್ಟಿ ಎಲುಬಿಗೆ ಕಳುಹಿಸುವ ಉಪಾಯವನ್ನು ಪ್ರಕಟಿಸಿದರು. ಇಂದಿಗೂ ಜಗತ್ತಿನ ಆಸ್ಪತ್ರೆಗಳಲ್ಲಿ ನಡೆಯುತ್ತಿರುವುದು ಅದರ ಸುಧಾರಿಸಿದ ರೂಪವೇ.

ರೋಗಿಗೆ ಇದರಲ್ಲಿ ಕಷ್ಟವೇನೂ ಇಲ್ಲ. ತೋಳಿನ ರಕ್ತನಾಳಕ್ಕೆ ಒಂದು ಚುಚ್ಚುಮದ್ದು. ಅನಂತರ ಎರಡರಿಂದ ನಾಲ್ಕು ಗಂಟೆ ಕಾಯಬೇಕು, ನೀರು ಚೆನ್ನಾಗಿ ಕುಡಿಯಬೇಕು, ಮೂತ್ರಕೋಶವನ್ನು ಖಾಲಿ ಮಾಡಿ ಮೇಜಿನ ಮೇಲೆ ಮಲಗಬೇಕು. ದೇಹದಿಂದ ಹೊಮ್ಮುವ ಗಾಮಾ ಕಿರಣಗಳನ್ನು ಕ್ಯಾಮೆರಾ ಅರ್ಧ ಮುಕ್ಕಾಲು ಗಂಟೆಯಲ್ಲಿ ಚಿತ್ರವಾಗಿಸುತ್ತದೆ. ಆ ದಿನ ಮೊಮ್ಮಕ್ಕಳನ್ನು ಎತ್ತಿಕೊಳ್ಳದೆ, ಬಸುರಿಯರಿಂದ ತುಸು ದೂರವಿದ್ದರಾಯಿತು.

ಆದರೆ ಇಲ್ಲಿಯೇ ಎಚ್ಚರ ಬೇಕಾದುದು. ಈ ಚಿತ್ರ ಅರ್ಬುದವನ್ನು ತೋರಿಸುವುದಿಲ್ಲ. ಹೊಸ ಎಲುಬು ಎಲ್ಲಿ ಕಟ್ಟಲ್ಪಡುತ್ತಿದೆಯೋ ಆ ಜಾಗವನ್ನು ತೋರಿಸುತ್ತದೆ. ಕಳ್ಳನನ್ನಲ್ಲ, ಕಳ್ಳ ಹೊಕ್ಕನೆಂದು ಮನೆಯವರು ಹಚ್ಚಿದ ದೀಪವನ್ನು ನಾವು ದೂರದಿಂದ ನೋಡುತ್ತಿರುತ್ತೇವೆ. ಮನೆಯಲ್ಲಿ ಮದುವೆಯಿದ್ದರೂ ದೀಪ ಉರಿಯುತ್ತದೆ. ಮಂಡಿಯ ಸಂಧಿವಾತ, ಸವೆದ ಬೆನ್ನೆಲುಬು, ಹಲ್ಲು ಕೀಳಿಸಿದ ದವಡೆ, ಹಳೆಯ ಪೆಟ್ಟು, ಎಲ್ಲವೂ ಈ ಚಿತ್ರದಲ್ಲಿ ಕಪ್ಪಾಗಿ ಹೊಳೆಯುತ್ತವೆ. ಎಪ್ಪತ್ತರ ವಯಸ್ಸಿನಲ್ಲಿ ಇವು ಒಂದೂ ಇಲ್ಲದ ದೇಹ ಎಲ್ಲಿದೆ?

ಇದಕ್ಕೂ ಮಿಗಿಲಾದ ಮಾತೊಂದಿದೆ. ಶಸ್ತ್ರಚಿಕಿತ್ಸೆಯ ನಂತರ ಪಿ.ಎಸ್.ಎ. 7ಕ್ಕಿಂತ ಕಡಿಮೆಯಿದ್ದು, ನೋವು ಇತ್ಯಾದಿ ಲಕ್ಷಣಗಳಿಲ್ಲದವರಲ್ಲಿ ಬೋನ್ ಸ್ಕ್ಯಾನಿನಲ್ಲಿ ಹರಡಿದ ಅರ್ಬುದ ಸಿಗುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ. ನಮ್ಮ ಹಿರಿಯರ ಅಂಕಿ 0.34. ಇಷ್ಟು ಅಲ್ಪ ಅಂಕಿಯಲ್ಲಿ ಒಂದು ಪಕ್ಕೆಲುಬು ಮಾತ್ರ ಬೆಳಗಿದರೆ, ಆ ಬೆಳಕು ಸುಳ್ಳಾಗಿರುವ ಸಂಭವವೇ ನಿಜವಾಗಿರುವ ಸಂಭವಕ್ಕಿಂತ ಹೆಚ್ಚು. ಯಂತ್ರ ಕೆಟ್ಟಿದೆಯೆಂದಲ್ಲ, ಕೇಳಬಾರದ ಹೊತ್ತಿನಲ್ಲಿ ಪ್ರಶ್ನೆ ಕೇಳಿದ್ದೇವೆಂದು. ನನ್ನ ಅಭಿಪ್ರಾಯದಲ್ಲಿ ಆ ಪರೀಕ್ಷೆಯನ್ನು ಅವರಿಗೆ ಬರೆದುಕೊಡಲೇಬಾರದಾಗಿತ್ತು.

"ಈಚೆಗೆ ಎಲ್ಲಾದರೂ ಬಿದ್ದಿದ್ದಿರಾ?" ಎಂದು ಕೇಳಿದೆ. ಮೊದಲು ಇಲ್ಲವೆಂದರು. ಮನೆಗೆ ಹೋಗಿ ರಾತ್ರಿ ಹನ್ನೊಂದಕ್ಕೆ ದೂರವಾಣಿ ಮಾಡಿದರು. ಹಿಂದಿನ ಮಳೆಗಾಲದಲ್ಲಿ ರೈಲು ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲಲ್ಲಿ ಜಾರಿ, ಕಬ್ಬಿಣದ ಕಟಕಟೆಗೆ ಎಡಪಕ್ಕೆ ಬಡಿದಿತ್ತಂತೆ. ನೆನಪಿಸಿಕೊಟ್ಟವರು ಅವರ ಶ್ರೀಮತಿಯವರು. ಅಂದರೆ ಮನೆಯಲ್ಲಿ ಹೇಳದೆ ಇದ್ದ ವಿಷಯ ಅಷ್ಟು ಹೊತ್ತಿಗೆ ಹೊರಬಿದ್ದಿತ್ತು. ಅದರಿಂದ ಲಾಭವೇ ಆಯಿತೆನ್ನಬೇಕು.

ಕಳ್ಳನ ಗುರುತು

ದೀಪವನ್ನು ಬಿಟ್ಟು ಕಳ್ಳನನ್ನೇ ಗುರುತಿಸುವ ವಿಧಾನ ಈಚಿನದು. ಪ್ರಾಸ್ಟೇಟ್ ಅರ್ಬುದದ ಜೀವಕೋಶಗಳ ಹೊರಪೊರೆಯ ಮೇಲೆ ಪಿ.ಎಸ್.ಎಂ.ಎ. ಎಂಬ ಪ್ರೋಟೀನು ಹೇರಳವಾಗಿರುತ್ತದೆ. ಅದಕ್ಕೆ ಅಂಟಿಕೊಳ್ಳುವ ಸಣ್ಣ ಅಣುವೊಂದಕ್ಕೆ ವಿಕಿರಣಶೀಲ ಗ್ಯಾಲಿಯಂ ಕಟ್ಟಿ ದೇಹಕ್ಕೆ ಬಿಟ್ಟರೆ ಅರ್ಬುದ ಇರುವೆಡೆಯಲ್ಲಿ ಅದು ಶೇಖರವಾಗುತ್ತದೆ. ಜರ್ಮನಿಯ ಹೈಡಲ್‌ಬರ್ಗಿನ ವಿಜ್ಞಾನಿಗಳು 2011ರಲ್ಲಿ ಮೊದಲ ರೋಗಿಯ ಮೇಲೆ ಇದನ್ನು ಪ್ರಯೋಗಿಸಿದರು. ಈ ಗ್ಯಾಲಿಯಮ್ಮಿನ ಅರ್ಧಾಯು 68 ನಿಮಿಷ. ಚಿತ್ರ ತೆಗೆಯಲು ಪೆಟ್ ಎಂಬ ಯಂತ್ರ ಬೇಕು. ನಮ್ಮ ದೇಶದಲ್ಲಿ ಪೆಟ್ ಚಿತ್ರಣ ಆರಂಭವಾದದ್ದು ಈ ಮುಂಬಯಿಯಲ್ಲಿಯೇ, 2002ರಲ್ಲಿ, ಪರೇಲಿನಲ್ಲಿರುವ ವಿಕಿರಣ ವೈದ್ಯಕೀಯ ಕೇಂದ್ರದಲ್ಲಿ. ಈಗ ದೇಶದ ಎಲ್ಲ ಮಹಾನಗರಗಳಲ್ಲಿಯೂ ಈ ಸೌಲಭ್ಯವಿದೆ.

ಇದರ ಸಾಮರ್ಥ್ಯ ದೊಡ್ಡದು. ಆಸ್ಟ್ರೇಲಿಯದಲ್ಲಿ 302 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹರಡುವಿಕೆಯನ್ನು ಸರಿಯಾಗಿ ತಿಳಿಯುವುದರಲ್ಲಿ ಹೊಸ ವಿಧಾನಕ್ಕೆ ನೂರಕ್ಕೆ 92 ಅಂಕ, ಸಿ.ಟಿ. ಮತ್ತು ಬೋನ್ ಸ್ಕ್ಯಾನ್ ಜೋಡಿಗೆ 65 ದೊರೆಯಿತು. ಅವರು ಮೊದಲ ಚಿಕಿತ್ಸೆಗೆ ಮುನ್ನ ಇದ್ದ ರೋಗಿಗಳು. ಮರುಕಳಿಸಿದವರ ಲೆಕ್ಕ 2019ರ ಇನ್ನೊಂದು ಅಧ್ಯಯನದಲ್ಲಿದೆ: 635 ಮಂದಿ. ಪಿ.ಎಸ್.ಎ. 0.5ಕ್ಕಿಂತ ಕಡಿಮೆಯಿದ್ದವರಲ್ಲಿ ನೂರಕ್ಕೆ 38 ಮಂದಿಯಲ್ಲಿ ರೋಗದ ಸ್ಥಾನ ಸಿಕ್ಕಿತು. 0.5ರಿಂದ 1ರವರೆಗೆ 57, 1ರಿಂದ 2ರವರೆಗೆ 84, ಐದಕ್ಕೂ ಮೇಲೆ 97.

ಈ ಅಂಕಿಗಳನ್ನು ಓದಿದವರಿಗೆ ಒಂದು ದುರ್ಬುದ್ಧಿ ಹುಟ್ಟುವುದು ಸಹಜ. "ಹಾಗಾದರೆ ಪಿ.ಎಸ್.ಎ. ಎರಡು ದಾಟಲಿ, ಆಗ ಸ್ಪಷ್ಟವಾಗಿ ಕಾಣುತ್ತದೆ, ಆಮೇಲೆ ಚಿಕಿತ್ಸೆ ಮಾಡಿಸೋಣ" ಎಂದು. ಸುಶಿಕ್ಷಿತರೇ ಹೀಗೆ ಹೇಳಿದ್ದನ್ನು ಕೇಳಿದ್ದೇನೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಮರುಕಳಿಸಿದ ರೋಗ ಗ್ರಂಥಿಯಿದ್ದ ಜಾಗದಲ್ಲಿಯೇ ಇದ್ದರೆ, ಅಲ್ಲಿಗೆ ವಿಕಿರಣ ಚಿಕಿತ್ಸೆ ಕೊಟ್ಟು ಪೂರ್ತಿ ಗುಣಪಡಿಸುವ ಎರಡನೆಯ ಅವಕಾಶವುಂಟು. ಆ ಅವಕಾಶ ಅತ್ಯುತ್ತಮವಾಗಿರುವುದು ಪಿ.ಎಸ್.ಎ. 0.5 ಮುಟ್ಟುವ ಮೊದಲೇ. ಅಂದರೆ ಚಿತ್ರದಲ್ಲಿ ಏನೂ ಕಾಣದಿರುವ ಸಂಭವ ಹೆಚ್ಚಿರುವ ಕಾಲವೂ, ಚಿಕಿತ್ಸೆಗೆ ಪ್ರಶಸ್ತವಾದ ಕಾಲವೂ ಒಂದೇ. ಸ್ವಚ್ಛವಾದ ಚಿತ್ರ ಬಂದಿತೆಂದು ಚಿಕಿತ್ಸೆಯನ್ನು ಮುಂದೂಡಬಾರದು. ಕಾಣದಿರುವುದು ಇಲ್ಲದಿರುವುದಲ್ಲ, ಕೆಲವೇ ಮಿಲಿಮೀಟರಿನ ಗೂಡುಗಳನ್ನು ಯಾವ ಯಂತ್ರವೂ ಹಿಡಿಯಲಾರದು. ಅಲ್ಲದೆ ಕೆಲವರ ಅರ್ಬುದದ ಮೇಲೆ ಈ ಪ್ರೋಟೀನೇ ಇರುವುದಿಲ್ಲ.

ಹೊಸ ವಿಧಾನಕ್ಕೂ ಸುಳ್ಳು ಬೆಳಕಿನ ಕಾಟ ತಪ್ಪಿಲ್ಲ. ವಿಶೇಷವಾಗಿ ಪಕ್ಕೆಲುಬುಗಳಲ್ಲಿ ಮಂದವಾದ ಚುಕ್ಕೆಗಳು ಕಾಣಿಸಿ, ಮುಂದೆ ಅವು ಅರ್ಬುದವಲ್ಲವೆಂದು ಸಿದ್ಧವಾಗುವುದು ಅನುಭವಿಗಳಿಗೆ ಗೊತ್ತು. ಒಂದೇ ಚುಕ್ಕೆಯನ್ನು ನೆಚ್ಚಿ ಜೀವಮಾನದ ಹಾರ್ಮೋನ್ ಚಿಕಿತ್ಸೆಗೆ ಇಳಿಯುವ ಮೊದಲು ಸಿ.ಟಿ. ಅಥವಾ ಎಂ.ಆರ್.ಐ.ಯಲ್ಲಿ ಅದೇ ಜಾಗವನ್ನು ಪರಿಶೀಲಿಸಬೇಕು. ಅಗತ್ಯವೆನಿಸಿದರೆ ಸೂಜಿಯಿಂದ ಚೂರು ತೆಗೆದು ನೋಡಬೇಕು. ಎರಡು ಮೂರು ಚುಕ್ಕೆಗಳು ನಿಜವೇ ಆಗಿದ್ದರೂ ಹತಾಶರಾಗಬೇಕಿಲ್ಲ. ಬೆಲ್ಜಿಯಮ್ಮಿನಲ್ಲಿ 62 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಸಣ್ಣ ಪರೀಕ್ಷೆಯಲ್ಲಿ, ಮೂರರವರೆಗಿನ ಗಂಟುಗಳಿಗೆ ಮಾತ್ರ ನೇರವಾಗಿ ವಿಕಿರಣ ಅಥವಾ ಶಸ್ತ್ರಚಿಕಿತ್ಸೆ ಕೊಟ್ಟಾಗ ಹಾರ್ಮೋನ್ ಚಿಕಿತ್ಸೆ ಆರಂಭಿಸುವ ಅಗತ್ಯ 13 ತಿಂಗಳಿನಿಂದ 21 ತಿಂಗಳಿಗೆ ಮುಂದಕ್ಕೆ ಹೋಯಿತು.

ಹಾಗಾದರೆ ಹಳೆಯ ಬೋನ್ ಸ್ಕ್ಯಾನ್ ಮೂಲೆಗೆ ಸೇರಬೇಕೆ? ಇಲ್ಲ. ಖರ್ಚು ಕಡಿಮೆ, ಸಣ್ಣ ಊರುಗಳಲ್ಲಿಯೂ ದೊರೆಯುತ್ತದೆ. ಅಂಕಿ ಇಪ್ಪತ್ತು ಮೂವತ್ತು ದಾಟಿದವರಲ್ಲಿ, ಎಲುಬು ನೋವಿರುವವರಲ್ಲಿ ಅದು ಇಂದಿಗೂ ಒಳ್ಳೆಯ ಸೇವಕ. ಮೇಲಾಗಿ ಹರಡಿದ ರೋಗಕ್ಕೆ ಇಂದು ಬಳಸುವ ಔಷಧಗಳಲ್ಲಿ ಹೆಚ್ಚಿನವುಗಳ ಗುಣವನ್ನು ಅಳೆದದ್ದು ಈ ಹಳೆಯ ಅಳತೆಗೋಲಿನಿಂದಲೇ. ಅದನ್ನು ಓದುವಾಗ ಒಂದು ಸೂಕ್ಷ್ಮ ತಿಳಿದಿರಲಿ: ಹೊಸ ಚಿಕಿತ್ಸೆ ಆರಂಭಿಸಿದ ಎರಡು ಮೂರು ತಿಂಗಳಲ್ಲಿ ತೆಗೆದ ಚಿತ್ರದಲ್ಲಿ ಚುಕ್ಕೆಗಳು ಹೆಚ್ಚಿದಂತೆ ಕಾಣಬಹುದು. ಎಲುಬು ವಾಸಿಯಾಗುವಾಗಲೂ ಹೊಸ ಎಲುಬು ಕಟ್ಟುತ್ತದಲ್ಲವೆ! ಪಿ.ಎಸ್.ಎ. ಇಳಿಯುತ್ತಿದ್ದು ಚಿತ್ರ ಮಾತ್ರ ಕೆಟ್ಟಂತೆ ತೋರಿದರೆ, ಔಷಧವನ್ನು ಬಿಸುಡುವ ಆತುರ ಬೇಡ.

ಪಿ.ಎಸ್.ಎಂ.ಎ.ಯನ್ನು ಹುಡುಕುವ ಅದೇ ಬಗೆಯ ಅಣುವಿಗೆ ಗ್ಯಾಲಿಯಮ್ಮಿನ ಬದಲು ಲುಟೀಶಿಯಂ ಕಟ್ಟಿದರೆ ಚಿತ್ರಣವೇ ಚಿಕಿತ್ಸೆಯಾಗುತ್ತದೆ. ಇದರ ವಿಸ್ತಾರ ಈ ಲೇಖನದ ಎಲ್ಲೆ ಮೀರಿದ್ದು. ಬೇರೆ ಚಿಕಿತ್ಸೆಗಳಿಗೆ ಬಗ್ಗದ ರೋಗಿಗಳಲ್ಲಿ ಇದು ಆಯುಷ್ಯದ ಮಧ್ಯಮಾನವನ್ನು 11.3 ತಿಂಗಳಿಂದ 15.3 ತಿಂಗಳಿಗೆ ಹೆಚ್ಚಿಸಿದ್ದು 2021ರಲ್ಲಿ ಪ್ರಕಟವಾಯಿತು. ನಮ್ಮ ನಗರದ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಈ ಲುಟೀಶಿಯಂ ತಯಾರಾಗುತ್ತದೆ. 1985ರಲ್ಲಿ ಧ್ರುವ ಕಾರ್ಯಾರಂಭ ಮಾಡಿದಾಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ತುಮಕೂರಿನ ಕಡೆಯ ರಾಜಾ ರಾಮಣ್ಣನವರು. ಸಂಘದ ಸಂಚಿಕೆಯಲ್ಲಿ ಇಷ್ಟು ಅಭಿಮಾನಕ್ಕೆ ಕ್ಷಮೆಯಿರಲಿ.

ತಡಮಾಡಬಾರದ ಒಂದು ಸಂದರ್ಭ

ಇಲ್ಲಿಯವರೆಗೆ ಆತುರ ಬೇಡವೆಂದು ಹೇಳುತ್ತ ಬಂದೆ. ಒಂದು ಕಡೆ ಮಾತ್ರ ಗಂಟೆಗಳ ಲೆಕ್ಕ. ಉಪಾಹಾರ ಗೃಹ ನಡೆಸುತ್ತಿದ್ದ ಪರಿಚಿತರೊಬ್ಬರು ವಿಕಿರಣ ಚಿಕಿತ್ಸೆಯ ನಂತರ ಚೆನ್ನಾಗಿದ್ದೇನೆಂದು ನಾಲ್ಕು ವರ್ಷ ರಕ್ತಪರೀಕ್ಷೆಯನ್ನೇ ಮಾಡಿಸಲಿಲ್ಲ. ನಡುಬೆನ್ನಿನ ನೋವು ಬಂತು. ಮಲಗಿದರೆ ಹೆಚ್ಚುತ್ತಿತ್ತು. ಗಲ್ಲದ ಮೇಲೆ ಇಡೀ ದಿನ ನಿಲ್ಲುವವರಿಗೆ ಬೆನ್ನುನೋವು ಇದ್ದದ್ದೇ ಎಂದು ಎರಡು ತಿಂಗಳು ಎಣ್ಣೆ ತಿಕ್ಕಿಸಿಕೊಂಡರು. ದೈವದ ನೇಮಕ್ಕೆಂದು ಊರಿಗೆ ಹೋದಾಗ "ಹತ್ತಿಯ ಮೇಲೆ ನಡೆದಂತಾಗುತ್ತದೆ" ಎಂದರಂತೆ. ಹಿಂದಿರುಗಿ ಬರುವಾಗ ರೈಲಿನಿಂದ ಇಬ್ಬರು ಹಿಡಿದು ಇಳಿಸಬೇಕಾಯಿತು, ಮೂತ್ರವೂ ಕಟ್ಟಿತ್ತು. ಎಂ.ಆರ್.ಐ.ಯಲ್ಲಿ, ಬೆನ್ನೆಲುಬಿನ ಗಂಟು ಬೆನ್ನುಹುರಿಯನ್ನು ಒತ್ತಿದ್ದು ಕಂಡಿತು. ಜೀವ ಉಳಿಯಿತು, ಆದರೆ ಊರುಗೋಲು ಬಿಡಲಿಲ್ಲ.

ಪ್ರಾಸ್ಟೇಟ್ ಅರ್ಬುದದ ಚರಿತ್ರೆ ಇರುವವರಲ್ಲಿ ಹೊಸದಾದ, ರಾತ್ರಿ ಹೆಚ್ಚುವ ಬೆನ್ನುನೋವಿನೊಂದಿಗೆ ಕಾಲಿನ ಬಲಹೀನತೆ, ಜೋಮು, ಮಲಮೂತ್ರದ ತೊಂದರೆ ಇವುಗಳಲ್ಲಿ ಯಾವುದೊಂದು ಕಂಡರೂ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗಿ ಇಡೀ ಬೆನ್ನೆಲುಬಿನ ಎಂ.ಆರ್.ಐ. ಮಾಡಿಸಬೇಕು. ಇಲ್ಲಿ ಬೋನ್ ಸ್ಕ್ಯಾನಿಗೆ ಸರದಿ ಕಾಯುವುದು ಸಲ್ಲದು. ಹೋಗುವಾಗ ಇನ್ನೂ ನಡೆಯಬಲ್ಲವರು ಚಿಕಿತ್ಸೆಯ ನಂತರವೂ ನಡೆಯುವ ಸಂಭವ ಹೆಚ್ಚು.

ಇನ್ನು ಲಕೋಟೆಯ ಹಿರಿಯರ ಸಂಗತಿ. ಪಕ್ಕೆಲುಬಿನ ಸಿ.ಟಿ.ಯಲ್ಲಿ ಕೂಡಿಕೊಂಡ ಹಳೆಯ ಬಿರುಕು ಕಂಡಿತು. ತಜ್ಞರ ಸಲಹೆಯಂತೆ ಪಿ.ಎಸ್.ಎಂ.ಎ. ಚಿತ್ರಣವೂ ಆಯಿತು, ಎಲುಬುಗಳೆಲ್ಲ ಸ್ವಚ್ಛ, ಮೂತ್ರಕೋಶದ ಕತ್ತಿನ ಬಳಿ ಅಕ್ಕಿಕಾಳಿನಷ್ಟು ಒಂದು ಬೆಳಕು. ಅಲ್ಲಿಗೆ 33 ದಿನ ವಿಕಿರಣ ಚಿಕಿತ್ಸೆ ನಡೆಯಿತು. ಡೊಂಬಿವಲಿಯಿಂದ ನಿತ್ಯ ಮಧ್ಯಾಹ್ನದ ಸ್ಲೋ ಗಾಡಿಯಲ್ಲಿ ಕುಳಿತು ಹೋಗಿಬಂದರು, ಶ್ರೀಮತಿಯವರೂ ಜೊತೆಗಿದ್ದರು. ಈಚಿನ ಪಿ.ಎಸ್.ಎ. 0.06. ಮುಂದಿನ ಪರೀಕ್ಷೆ ಮೂರು ತಿಂಗಳ ನಂತರ.

ಲಕೋಟೆಯನ್ನು ಹಿಂದಕ್ಕೆ ಕೊಟ್ಟಾಗ ಅವರು ಅದನ್ನು ಹರಿದು ಹಾಕಲು ಹೊರಟಿದ್ದರು. ಬೇಡವೆಂದೆ, ಇನ್ನೈದು ವರ್ಷಗಳ ನಂತರ ಯಾರೋ ಹೊಸ ವೈದ್ಯರು ಅದೇ ಪಕ್ಕೆಲುಬನ್ನು ನೋಡಿ ಮತ್ತೆ ಹೆದರಿಸಬಹುದು, ಆಗ ಹೋಲಿಸಿ ನೋಡಲು ಇದು ಬೇಕು. ಅವರು ಜೇಬಿನಿಂದ ಪೆನ್ನು ತೆಗೆದು, ಬ್ಯಾಂಕಿನ ಲೆಡ್ಜರಿನಲ್ಲಿ ಬರೆಯುತ್ತಿದ್ದ ಅದೇ ದುಂಡನೆಯ ಅಕ್ಷರದಲ್ಲಿ ಲಕೋಟೆಯ ಮೇಲೆ ಬರೆದರು: "ಎಡ ಏಳನೆಯ ಪಕ್ಕೆಲುಬು. ಮೆಟ್ಟಿಲಿನಿಂದ ಬಿದ್ದದ್ದು." ಕೆಳಗೆ ಬಿದ್ದ ತಿಂಗಳು ಯಾವುದೆಂದು ಶ್ರೀಮತಿಯವರನ್ನು ಕೇಳಿ ಅದನ್ನೂ ನಮೂದಿಸಿದರು.